ಬ್ಲೆಂಡರ್‌ನ ಸ್ಕಲ್ಪ್ಟ್ ಮೋಡ್: ಒಂದು ಕಾರ್ಟೂನ್ ಅಜ್ಜಿಯನ್ನು ಕಟ್ಟಲು ಸಾಕೇ?

ದುಂಡು ಮುಖ, ಪುಟ್ಟ ದೇಹ, ತಲೆಗಿಂತ ಸ್ವಲ್ಪವೇ ಚಿಕ್ಕದಾದ ತುರುಬು. ಇಂಥ ಅಜ್ಜಿಯೊಬ್ಬಳನ್ನು ಬುಡದಿಂದ ಕಟ್ಟಲು ಬ್ಲೆಂಡರ್ ಎಂಬ 3ಡಿ ತಂತ್ರಾಂಶವೊಂದೇ ಧಾರಾಳವಾಗಿ ಸಾಕು; ಬ್ರಷ್‌ನಿಂದ ಮಣ್ಣಿನಂತೆ ಆಕಾರ ತಿದ್ದುವ ಅದರ ವಿಧಾನವೇ ಸ್ಕಲ್ಪ್ಟ್ ಮೋಡ್. ಪುಕ್ಕಟೆ ಸಿಗುವುದು ಅದರ ದೊಡ್ಡ ಗುಣವೇ. ಆದರೆ ಸ್ಟೈಲೈಸ್ಡ್ (ಕಾರ್ಟೂನ್ ಶೈಲಿಯ) ಪಾತ್ರ ಮಾಡುವವರಿಗೆ ಅದಕ್ಕಿಂತ ದೊಡ್ಡ ಅನುಕೂಲ 2019ರಲ್ಲಿ 2.81ನೇ ಆವೃತ್ತಿಯೊಂದಿಗೆ ಬಂದ ವಾಕ್ಸೆಲ್ ರೀಮೆಶ್. ಆಕಾರವನ್ನು ಎಷ್ಟು ಎಳೆದರೂ ಒತ್ತಿದರೂ ಒಂದೇ ಆಜ್ಞೆಗೆ ಮೆಶ್ (ಮೇಲ್ಮೈಯನ್ನು ರೂಪಿಸುವ ಪುಟ್ಟ ಚೌಕಗಳ ಜಾಲ) ಮತ್ತೆ ಸಮವಾಗಿ ಹರಡಿಕೊಳ್ಳುತ್ತದೆ. ಜೇಡಿಮಣ್ಣನ್ನು ಮತ್ತೆ ನಾದಿಕೊಂಡಂತೆ.

ಬ್ರಷ್ ಹಿಡಿಯುವ ಮುನ್ನ ಅಳತೆ ಗಟ್ಟಿಯಾಗಲಿ. ಸಹಜ ದೇಹದ ಎತ್ತರ ಸುಮಾರು ಏಳೂವರೆ ತಲೆ; ಈ ಅಜ್ಜಿಗೆ ಮೂರೂವರೆ ಸಾಕು. ಗೋಳಗಳನ್ನು ಒಂದಕ್ಕೊಂದು ತೂರುವಂತೆ ಜೋಡಿಸಿ, ವ್ಯೂಪೋರ್ಟ್ ಶೇಡಿಂಗ್‌ನಲ್ಲಿ ಲೈಟಿಂಗ್ ಫ್ಲ್ಯಾಟ್ ಮಾಡಿ, ಬಣ್ಣ ಕಪ್ಪಿಟ್ಟು ನೋಡಿ. ಬರೀ ಕಪ್ಪು ನೆರಳಲ್ಲೇ ತುರುಬು, ಗದ್ದ, ಗೂನು ಬೆನ್ನು ಬೇರೆಬೇರೆಯಾಗಿ ಕಾಣಬೇಕು. ಇಲ್ಲಿ ಕಾಣದ ಪಾತ್ರ ಮುಂದೆ ಎಷ್ಟು ತಿದ್ದಿದರೂ ಎದ್ದು ಬರುವುದಿಲ್ಲ.

ಆಮೇಲೆ ಕಂಟ್ರೋಲ್-ಜೆ ಒತ್ತಿ ಗೋಳಗಳನ್ನು ಒಂದುಗೂಡಿಸಿ, ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಈ ಎರಡನೇ ಹೆಜ್ಜೆ ತಪ್ಪಿದರೆ ಬ್ರಷ್ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಳೆಯುತ್ತದೆ. ಬಳಿಕ ಸ್ಕಲ್ಪ್ಟ್ ಮೋಡ್‌ನಲ್ಲಿ ಕಂಟ್ರೋಲ್-ಆರ್ ಒತ್ತಿ ರೀಮೆಶ್ ಮಾಡಿ.

ವಾಕ್ಸೆಲ್ ಎಂದರೆ ರೀಮೆಶ್ ಆಕಾರವನ್ನು ಅಳೆಯುವ ಪುಟ್ಟ ಘನ; ಅದರ ಸೈಜ್‌ನ ಲೆಕ್ಕ ಬಾಯಿಪಾಠ ಆಗಬೇಕು. 1 ಮೀಟರ್ ತ್ರಿಜ್ಯದ ಗೋಳಕ್ಕೆ 0.1 ಕೊಟ್ಟರೆ ಸುಮಾರು 1,900 ಚೌಕಗಳು, 0.05ಕ್ಕೆ 7,500, 0.02ಕ್ಕೆ 47,000. ಸೈಜ್ ಅರ್ಧಕ್ಕಿಳಿದರೆ ಚೌಕಗಳು ನಾಲ್ಕು ಪಟ್ಟು. ದವಡೆ, ಕೆನ್ನೆ, ಮೂಗಿನ ದಿಕ್ಕು ಪೂರ್ತಿ ಕೂರುವವರೆಗೆ 0.05ಕ್ಕಿಂತ ಕೆಳಗಿಳಿಯಬೇಡಿ. ಮೊದಲೇ ಸಣ್ಣದಕ್ಕೆ ಇಳಿದರೆ ಕೆನ್ನೆ ಆಲೂಗಡ್ಡೆಯಂತೆ ಉಬ್ಬುತಗ್ಗಾಗುತ್ತದೆ. ಆಗ ಶಿಫ್ಟ್ ಹಿಡಿದು ನಯಮಾಡುತ್ತ ಕೂತರೆ ಆಕಾರವೇ ಕರಗಿಹೋಗುತ್ತದೆ.

ರೀಮೆಶ್‌ನ ಅಪಾಯ ಇರುವುದು ತೆಳು ಭಾಗಗಳಲ್ಲಿ. ಕಿವಿಯ ಅಂಚು ವಾಕ್ಸೆಲ್‌ಗಿಂತ ತೆಳುವಾದರೆ ತೂತು ಬೀಳುತ್ತದೆ. ಅತಿ ತೆಳು ಜಾಗದ ದಪ್ಪದ ಮೂರನೇ ಒಂದು ಭಾಗಕ್ಕಿಂತ ದೊಡ್ಡ ವಾಕ್ಸೆಲ್ ಬೇಡ. ತುಟಿಗಳು ಒಂದಕ್ಕೊಂದು ತಾಕಿದ್ದರೆ ಬೆಸೆದುಕೊಂಡುಬಿಡುತ್ತವೆ. ಬೆರಳುಗಳದ್ದೂ ಅದೇ ಕತೆ. ಬಾಯಿ ಚೂರು ತೆರೆದಿರಲಿ, ಬೆರಳು ಅಗಲಿಸಿರಲಿ.

ಕಣ್ಣಿನ ಕೆಲಸದಲ್ಲಿ ಈ ತಂತ್ರಾಂಶ ನಿಜಕ್ಕೂ ಖುಷಿ ಕೊಡುತ್ತದೆ. ಕಣ್ಣುಗುಡ್ಡೆಯನ್ನು ಬೇರೆ ಆಬ್ಜೆಕ್ಟ್ ಆಗಿಯೇ ಉಳಿಸಿಕೊಂಡು, ಅದರ ಸುತ್ತ ಕ್ಲೇ ಸ್ಟ್ರಿಪ್ಸ್ ಬ್ರಷ್‌ನಿಂದ ರೆಪ್ಪೆಯ ಪಟ್ಟಿ ಹಾಕಿ, ಮೇಲಿನ ಮಡಿಕೆಯನ್ನು ಕ್ರೀಸ್ ಬ್ರಷ್‌ನಿಂದ ಗೀರಿ. ಎದುರಿನಿಂದಷ್ಟೇ ನೋಡುತ್ತ ಗ್ರ್ಯಾಬ್ ಬ್ರಷ್ ಎಳೆದರೆ ರೆಪ್ಪೆ ಗೋಡೆಗಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ಮೇಲಿನಿಂದ ನೋಡಿದಾಗ ಕಣ್ಣಿನ ಹೊರತುದಿ ಒಳತುದಿಗಿಂತ ಹಿಂದೆ ಸರಿದಿರಬೇಕು. ಪಕ್ಕದಿಂದ ನೋಡಿದರೆ ಮೇಲಿನ ರೆಪ್ಪೆ ಕೆಳಗಿನದಕ್ಕಿಂತ ಮುಂದಿರಬೇಕು. ಅಂಚಿಗೆ ಒಂದಿಷ್ಟು ದಪ್ಪ ಬಿಡಿ. ಬೆಳಕು ಬಿದ್ದಾಗ ಕಣ್ಣಿಗೆ ಕಳೆ ಬರುವುದು ಆ ದಪ್ಪದಿಂದ.

ತುರುಬಿಗೆ ಸ್ಕಲ್ಪ್ಟಿಂಗ್ ಬೇಡ. ಬೆವೆಲ್ ಕೊಟ್ಟು ಕೊಳವೆಯಂತೆ ದಪ್ಪ ಮಾಡಿದ ಕರ್ವ್‌ಗಳನ್ನು (ಬಾಗುಗೆರೆಗಳನ್ನು) ಸುತ್ತಿ, ಆಲ್ಟ್-ಎಸ್‌ನಿಂದ ತುದಿ ಸಣ್ಣ ಮಾಡಿದರೆ ಸಾಕು.

ನಿರಾಸೆ ತರುವುದು ರೀಟೋಪಾಲಜಿ, ಅಂದರೆ ತಿದ್ದಿದ ಆಕಾರದ ಮೇಲೆ ಹೊಸದಾಗಿ ಅಚ್ಚುಕಟ್ಟಾದ ಮೆಶ್ ಹೆಣೆಯುವ ಕೆಲಸ. ಇದನ್ನು ತಾನಾಗಿ ಮಾಡಲು ಒಳಗೇ ಇರುವ ಕ್ವಾಡ್ರಿಫ್ಲೋ ಚೌಕಗಳನ್ನೇನೋ ಕೊಡುತ್ತದೆ, ಆದರೆ ಕಣ್ಣು ಬಾಯಿಗಳ ಸುತ್ತ ಅನಿಮೇಷನ್‌ಗೆ ಬೇಕಾದ ಉಂಗುರಗಳು ನೆಚ್ಚಿಕೊಳ್ಳುವಷ್ಟು ಸರಿಯಾಗಿ ಬರುವುದಿಲ್ಲ. ಒಂದೇ ಅಂಚಿಗೆ ಎರಡಕ್ಕಿಂತ ಹೆಚ್ಚು ಮುಖಗಳು ಅಂಟಿದ್ದರೆ, ಇಲ್ಲವೇ ಮುಖಗಳ ದಿಕ್ಕು ಒಂದೇ ರೀತಿ ಇಲ್ಲದಿದ್ದರೆ ಕೆಲಸವನ್ನೇ ನಿರಾಕರಿಸುತ್ತದೆ. ಬರೀ 3ಡಿ ಪ್ರಿಂಟ್ ತೆಗೆಯುವವರಿಗೆ ಇದು ತೊಂದರೆಯಲ್ಲ. ಪಾತ್ರ ಮಾತಾಡಬೇಕೆಂದರೆ ಆ ಉಂಗುರಗಳನ್ನು ಕೈಯಾರೆ ಕೂರಿಸಬೇಕು. ಆಮೇಲೆ ಪ್ರತಿ ಹಂತಕ್ಕೂ ಒಂದು ಚೌಕವನ್ನು ನಾಲ್ಕಾಗಿ ಒಡೆಯುವ ಮಲ್ಟಿರೆಸ್: 8,000 ಚೌಕದ ಮೆಶ್ ನಾಲ್ಕನೇ ಹಂತದಲ್ಲಿ 20 ಲಕ್ಷ ದಾಟುತ್ತದೆ. ಸೀರೆಯ ನೆರಿಗೆಗೆ ಅಷ್ಟು ಸಾಕು. ಕೋಟಿಗಟ್ಟಲೆ ಪಾಲಿಗನ್ (ಮೆಶ್‌ನ ಚೌಕ) ಬೇಕಾದವರಿಗೆ ಝೀಬ್ರಷ್ ಎಂಬ ಇನ್ನೊಂದು ಸ್ಕಲ್ಪ್ಟಿಂಗ್ ತಂತ್ರಾಂಶದ ವೇಗ ಇಲ್ಲಿ ಸಿಗದು.

ಮೌಸ್‌ನಲ್ಲಿ ಇದನ್ನು ಅಳೆಯಬೇಡಿ, ಪೆನ್ ಟ್ಯಾಬ್ಲೆಟ್ ಬೇಕೇ ಬೇಕು. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡ ಹತ್ತದಿದ್ದರೆ ಪ್ರಿಫರೆನ್ಸಸ್‌ನ ಇನ್‌ಪುಟ್ ವಿಭಾಗದಲ್ಲಿ ಟ್ಯಾಬ್ಲೆಟ್ ಎಪಿಐಯನ್ನು (ಪೆನ್ನಿನ ಒತ್ತಡವನ್ನು ತಂತ್ರಾಂಶಕ್ಕೆ ತಲುಪಿಸುವ ವ್ಯವಸ್ಥೆ) ವಿಂಡೋಸ್ ಇಂಕ್‌ನಿಂದ ವಿನ್‌ಟ್ಯಾಬ್‌ಗೋ, ಅಲ್ಲಿಂದ ಇಲ್ಲಿಗೋ ಬದಲಿಸಿ ನೋಡಿ.