ಕಾಳಜಿ ಕೇಂದ್ರದ ಲಸಿಕೆ ಶಿಬಿರ: ಐದಕ್ಕೆ ನಾಲ್ಕು ಕೊಡ್ತೀನಿ

ಗಾಜನೂರಿನ ತುಂಗಾ ಡ್ಯಾಮು, ಭದ್ರಾ ಡ್ಯಾಮು ಎರಡೂ ಕಡೆ ಗೇಟ್ ತೆಗೆದರೆ ಹೊನ್ನಾಳಿ, ಹರಿಹರದ ಹೊಳೆದಂಡೆಯವರಿಗೆ ನಿದ್ದೆ ಇರಲ್ಲ. ಈ ಸಲ ನಮ್ಮ ಓಣಿಗೂ ನೀರು ನುಗ್ಗಿತು. ಹತ್ತಿರದ ಒಂದು ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಅಲ್ಲಿನ ಊಟ, ಹೊದಿಕೆ ಬಗ್ಗೆ ಎಲ್ಲರೂ ಮಾತಾಡಿದರು. ಲಸಿಕೆ ಹಾಕಿದವರ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟೇಬಲ್ ಹಾಕಿದ ಜಾಗವೇ ಸರಿಯಾಗಿತ್ತು. ಹೆಸರು ಬರೆಸಿ ಹೊದಿಕೆ ತಗೊಳ್ಳುವ ಸಾಲಿನ ಪಕ್ಕದಲ್ಲೇ. ಕೂಸು ಎತ್ತಿಕೊಂಡವರೆಲ್ಲ ಅದನ್ನು ದಾಟಿಯೇ ಒಳಗೆ ಹೋಗಬೇಕು. ಒಂದೊಂದು ಕ್ಲಾಸ್‌ರೂಮಿನಲ್ಲಿ ನಾಲ್ಕೈದು ಮನೆಯವರು ಮಲಗುತ್ತಿದ್ದೆವು. ದಡಾರ ಗಾಳಿಯಲ್ಲಿ ಹರಡುತ್ತೆ, ಅಂಥ ಕಡೆ ಒಂದು ಮಗುವಿಗೆ ಬಂದರೆ ಸಾಕು ಅಲ್ವಾ? ಮೊದಲು ದಡಾರ-ರುಬೆಲ್ಲಾ ಲಸಿಕೆಯನ್ನೇ ಹಿಡಿದದ್ದು ಒಳ್ಳೇದಾಯಿತು.

ನನ್ನ ಮಗಳಿಗೆ ಹಾಕಿಸಿದ ಲಸಿಕೆ ಬರೆದಿಡುವ ತಾಯಿ ಕಾರ್ಡ್ ಟ್ರಂಕಿನ ಜೊತೆ ನೀರು ಪಾಲಾಗಿತ್ತು. ನರ್ಸಮ್ಮ ಒಂದು ಮಾತೂ ಬೈಯಲಿಲ್ಲ. ಆಶಾ ಅಕ್ಕನ ರಿಜಿಸ್ಟರ್ ತರಿಸಿ ಹೆಸರು ಹುಡುಕಿದರು. ಒಂಬತ್ತು ತಿಂಗಳದ್ದು ಆಗಿತ್ತು, ಒಂದೂವರೆ ವರ್ಷದ್ದು ಬಾಕಿ. ಚುಚ್ಚಿ, ಹೊಸ ಕಾರ್ಡ್ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗಿಟ್ಟರು. ನಾದಿನಿಯ ಕೂಸಿಗೆ ಏಳೇ ತಿಂಗಳು. ಜನ ಒತ್ತಾಗಿರುವ ಇಂಥ ಶಿಬಿರಗಳಲ್ಲಿ ಆರು ತಿಂಗಳಿಂದಲೇ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದಕ್ಕೂ ಹಾಕಿದರು. "ಇದು ಲೆಕ್ಕಕ್ಕಿಲ್ಲ ಕಣಮ್ಮ, ಒಂಬತ್ತು ತಿಂಗಳಿಗೆ ಮತ್ತೆ ಹಾಕಿಸ್ಬೇಕು" ಅಂತ ಎರಡೆರಡು ಸಲ ಹೇಳಿ ಕಾರ್ಡಲ್ಲೂ ಬರೆದರು.

ಕರೆಂಟ್ ಇರಲಿಲ್ಲ. "ಲಸಿಕೆ ಕೆಟ್ಟಿರುತ್ತೆ, ಹಾಕಿಸ್ಬೇಡ್ರಿ" ಅಂತ ಒಬ್ಬ ಅಜ್ಜ ಗಲಾಟೆ ತೆಗೆದರು. ನರ್ಸಮ್ಮ ನೀಲಿ ಡಬ್ಬಿ ತೆಗೆದು ಸುತ್ತ ಇಟ್ಟ ಐಸ್ ಪ್ಯಾಕ್ ತೋರಿಸಿದರು. ಎರಡರಿಂದ ಎಂಟು ಡಿಗ್ರಿ ಒಳಗೇ ಇರಬೇಕಂತೆ. ಆಮೇಲೆ ಬಾಟಲಿ ಅಜ್ಜನ ಕಣ್ಣ ಹತ್ತಿರ ಹಿಡಿದರು. ಅದರ ಮೇಲೆ ಒಂದು ಗುಂಡು ಗುರುತು, ನಡುವೆ ಸಣ್ಣ ಚೌಕ. "ಚೌಕ ಸುತ್ತಲ ಬಣ್ಣಕ್ಕಿಂತ ತಿಳಿಯಾಗಿದೆ ನೋಡಪ್ಪ. ಬಿಸಿ ತಗುಲಿದ್ರೆ ಕಪ್ಪಾಗ್ತಿತ್ತು." ಅಜ್ಜ ನೋಡಿ, ಮೊಮ್ಮಗನನ್ನು ತಾವೇ ಕರೆತಂದರು.

ಕೆಸರಲ್ಲಿ ತಗಡು ತಗುಲಿ ನಮ್ಮೆಜಮಾನರ ಕಾಲು ಸೀಳಿತ್ತು. ಗಾಯ ತೊಳೆದು, ಹಿಂದೆ ಯಾವಾಗ ಹಾಕಿಸಿದ್ದು ಅಂತ ಕೇಳಿಯೇ ಧನುರ್ವಾಯು ಬಾರದ ಹಾಗೆ ಟಿ.ಡಿ. ಲಸಿಕೆ ಕೊಟ್ಟರು. ಗಾಯ ಇಲ್ಲದ ನಮ್ಮತ್ತೆಗೆ ಸುಮ್ನೆ ಚುಚ್ಚಲಿಲ್ಲ.

ಒಂದು ಅಂಕ ಕಡಿಮೆ ಯಾಕೆ ಅಂದರೆ, ಹೊತ್ತು. ಶಿಬಿರ ಇಟ್ಟಿದ್ದು ಬೆಳಿಗ್ಗೆ. ಅಷ್ಟೊತ್ತಿಗೆ ಅರ್ಧ ಜನ ಮನೆ ಏನಾಯಿತೋ ನೋಡೋಕೆ ಮಕ್ಕಳನ್ನೂ ಕರ್ಕೊಂಡು ಹೋಗಿದ್ದರು. ದಡಾರ ಲಸಿಕೆಯ ಪುಡಿಯನ್ನು ಒಮ್ಮೆ ದ್ರವದಲ್ಲಿ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದು ಚೆಲ್ಲಬೇಕು. ಮಧ್ಯಾಹ್ನ ಉಳಿದದ್ದನ್ನು ಚೆಲ್ಲಿದರು, ಸಂಜೆ ಬಂದ ತಾಯಂದಿರು ಬರಿಗೈಲಿ ನಿಂತರು. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿ ಅಂದರೂ ಬೆಂಚು ಇದ್ದದ್ದು ಇರಚಲು ಹೊಡೆಯುವ ವರಾಂಡದಲ್ಲಿ. ಮಕ್ಕಳು ನೆನೆದವು.

ಮುಂದಿನ ಸಲ ರಾತ್ರಿ ಊಟದ ಹೊತ್ತಿಗೂ ಒಂದು ಟೇಬಲ್ ಹಾಕಿ. ಆಗ ಎಲ್ಲರೂ ಅಲ್ಲೇ ಇರ್ತಾರೆ.