ಕೋಳಿಗಿಂತ ಸೊಪ್ಪೇ ಮೇಲು: ಮಾಂಟ್ಗೊಮರಿಯಲ್ಲಿ ಎರಡು ಸೋಲ್ ಫುಡ್ ಊಟ

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಆಫ್ರಿಕನ್ ಅಮೆರಿಕನ್ ಕುಟುಂಬವೊಂದು ನಡೆಸುತ್ತಿರುವ ಪುಟ್ಟ ಊಟದ ಮನೆಗೆ ಎರಡು ಬಾರಿ ಹೋದೆ. ಮೊದಲ ದಿನ ಹೋದದ್ದು ಹೊರಗಿನಿಂದ ಬಂದ ಬಹುತೇಕರಂತೆ ಕರಿದ ಕೋಳಿಗಾಗಿ. ಮರುದಿನ ಹೋದದ್ದು ಕೊಲಾರ್ಡ್ ಸೊಪ್ಪಿಗಾಗಿ. ಸೋಲ್ ಫುಡ್, ಅಂದರೆ ಅಮೆರಿಕದ ದಕ್ಷಿಣದ ಆಫ್ರಿಕನ್ ಅಮೆರಿಕನ್ನರ ಸಾಂಪ್ರದಾಯಿಕ ಊಟ, ಬಡಿಸುವ ಅಡುಗೆಮನೆಯ ಯೋಗ್ಯತೆಯನ್ನು ಅಲ್ಲಿನ ಮಾಂಸದಿಂದಲ್ಲ, ಮಾಂಸದ ಪಕ್ಕದಲ್ಲಿ ಬರುವ ಸೊಪ್ಪು, ಕಾಳು ಮತ್ತು ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡಾದ ಕಾರ್ನ್‌ಬ್ರೆಡ್‌ನಿಂದ ಅಳೆಯಬೇಕು ಎಂಬ ನನ್ನ ಅಭಿಪ್ರಾಯ ಈ ಎರಡು ಊಟಗಳಲ್ಲಿ ಗಟ್ಟಿಯಾಯಿತು.

ಅಲ್ಲಿಯ ಊಟದ ಕ್ರಮಕ್ಕೆ ದಕ್ಷಿಣದ ರಾಜ್ಯಗಳಲ್ಲಿ 'ಮೀಟ್ ಅಂಡ್ ತ್ರೀ' ಎಂದು ಹೆಸರು: ಒಂದು ಬಗೆಯ ಮಾಂಸ, ಅದಕ್ಕೆ ಮೂರು ಪಕ್ಕದ ಪದಾರ್ಥಗಳು. ಕೌಂಟರಿನ ಹಿಂದೆ ಬಿಸಿ ಪಾತ್ರೆಗಳು ಸಾಲಾಗಿರುತ್ತವೆ. ಬೇಕಾದುದನ್ನು ತೋರಿಸಿದರೆ ತಟ್ಟೆಗೆ ಬಡಿಸುತ್ತಾರೆ. ನಾನು ಕರಿದ ಕೋಳಿಯ ಜೊತೆಗೆ ಕೊಲಾರ್ಡ್ ಸೊಪ್ಪು, ಅಲಸಂದೆ ಕಾಳು ಮತ್ತು ಮ್ಯಾಕರೋನಿ ಚೀಸ್ ಆರಿಸಿಕೊಂಡೆ.

ಕೊಲಾರ್ಡ್ ಎಂಬುದು ಎಲೆಕೋಸಿನ ಕುಲಕ್ಕೆ ಸೇರಿದ, ಆದರೆ ಕೋಸಿನಂತೆ ಉಂಡೆ ಕಟ್ಟದ ಸೊಪ್ಪು. ಅದರ ಎಲೆ ದಪ್ಪ, ರುಚಿ ತುಸು ಕಹಿ. ಆದ್ದರಿಂದ ಅವಸರದ ಅಡುಗೆಗೆ ಅದು ಒಗ್ಗುವುದಿಲ್ಲ. ಹೊಗೆ ಹಾಕಿ ಹದಮಾಡಿದ ಹಂದಿಯ ಕಾಲಿನ ಗೆಣ್ಣನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಅದರ ಉಪ್ಪು, ಜಿಡ್ಡು ಮತ್ತು ಹೊಗೆಯ ವಾಸನೆ ನೀರಿಗಿಳಿದ ಮೇಲೆ ಸೊಪ್ಪನ್ನು ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವುದು ಹಳೆಯ ಕ್ರಮ. ಈಗ ಅನೇಕರು ಆರೋಗ್ಯದ ದೃಷ್ಟಿಯಿಂದ ಹಂದಿಮಾಂಸದ ಬದಲು ಹೊಗೆ ಹಾಕಿದ ಟರ್ಕಿ ಕೋಳಿಯ ಮಾಂಸವನ್ನು ಬಳಸುತ್ತಾರೆ. ಇಲ್ಲಿಯೂ ಟರ್ಕಿಯೇ ಇತ್ತು, ಅದರಿಂದ ರುಚಿಗೆ ಕೊರತೆಯೇನೂ ಆಗಿರಲಿಲ್ಲ. ಎಲೆ ನಾಲಿಗೆಯ ಮೇಲೆ ಮೆತ್ತಗಿದ್ದರೂ ಕರಗಿ ಮುದ್ದೆಯಾಗಿರಲಿಲ್ಲ. ಮೇಜಿನ ಮೇಲಿದ್ದ ಮೆಣಸಿನಕಾಯಿ ನೆನೆಸಿದ ವಿನಿಗರ್‌ನ ನಾಲ್ಕು ಹನಿ ಬಿದ್ದೊಡನೆ ಅದರ ಕಹಿ ಹಿತವಾದ ಒಗರಿಗೆ ತಿರುಗಿತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆದದ್ದು ಸೊಪ್ಪಿನ ಅಡಿಯಲ್ಲಿ ಉಳಿದ ಕಟ್ಟು. ಅದನ್ನು ಅಲ್ಲಿನವರು ಪಾಟ್‌ಲಿಕರ್ ಎನ್ನುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಯಜಮಾನರು ಸೊಪ್ಪನ್ನು ತಿಂದು ಕಟ್ಟನ್ನು ಅಡುಗೆಯವರಿಗೆ ಬಿಡುತ್ತಿದ್ದರು ಎಂದು ಹೇಳುವುದುಂಟು. ಸೊಪ್ಪಿನ ಸತ್ವದಲ್ಲಿ ಸಾಕಷ್ಟು ಪಾಲು ಆ ಕಟ್ಟಿಗೇ ಇಳಿದಿರುತ್ತಿತ್ತು. ಇಲ್ಲಿ ನಾನು ಕೇಳಿದೊಡನೆ ಅದನ್ನು ಒಂದು ಸಣ್ಣ ಬಟ್ಟಲಿನಲ್ಲಿ ಬೇರೆಯಾಗಿಯೇ ಕೊಟ್ಟರು. ಅದನ್ನು ಚೆಲ್ಲದೆ ಬಡಿಸುವ ಅಡುಗೆಮನೆಯ ಮೇಲೆ ನನಗೆ ಗೌರವ ಮೂಡುತ್ತದೆ.

ಆ ಕಟ್ಟಿನಲ್ಲಿ ಅದ್ದಿ ತಿನ್ನಲು ಕಾರ್ನ್‌ಬ್ರೆಡ್ ಬೇಕೇ ಬೇಕು, ಮತ್ತು ಅದರಲ್ಲಿ ಸಕ್ಕರೆ ಇರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ವಿಷಯದಲ್ಲಿ ದಕ್ಷಿಣದವರಲ್ಲೇ ಒಮ್ಮತವಿಲ್ಲ, ಸಿಹಿಯನ್ನು ಬಯಸುವ ಮನೆಗಳೂ ಬಹಳಷ್ಟಿವೆ. ಅಟ್ಲಾಂಟಾದ ಒಂದು ಕಡೆ ನನಗೆ ಕೇಕಿನಷ್ಟೇ ಸಿಹಿಯಾದ ಕಾರ್ನ್‌ಬ್ರೆಡ್ ಬಡಿಸಿದ್ದರು; ಅದು ಕಟ್ಟಿನಲ್ಲಿ ಬಿದ್ದೊಡನೆ ಪುಡಿಯಾಗಿ ಎರಡರ ರುಚಿಯನ್ನೂ ಕೆಡಿಸಿತು. ಇಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ, ಮೊದಲೇ ಕಾಯಿಸಿಟ್ಟ ಎರಕದ ಕಬ್ಬಿಣದ ಬಾಣಲೆಗೆ ಸುರಿದು ಬೇಯಿಸುತ್ತಾರೆ. ಕಾದ ಜಿಡ್ಡಿಗೆ ಹಿಟ್ಟು ತಾಗಿ ಅಂಚಿನಲ್ಲಿ ಕಂದು ಬಣ್ಣದ ಗರಿಯಾದ ಪದರ ಏಳುತ್ತದೆ, ಒಳಗೆ ತೇವ ಉಳಿಯುತ್ತದೆ.

ಅಲಸಂದೆ ಕಾಳು ಸರಳವಾಗಿತ್ತು: ಈರುಳ್ಳಿ, ಕರಿಮೆಣಸು, ಹದವಾದ ಉಪ್ಪು, ಅಷ್ಟೇ. ಈ ಕಾಳು ಮತ್ತು ಬೆಂಡೆಕಾಯಿ ಎರಡೂ ಗುಲಾಮರ ವ್ಯಾಪಾರದ ದಾರಿಯಲ್ಲಿ ಆಫ್ರಿಕಾದಿಂದ ಅಮೆರಿಕಕ್ಕೆ ಬಂದವು. ಗಂಬೊ ಎಂಬ ಸಾರಿನ ಹೆಸರೂ ಬೆಂಡೆಕಾಯಿಗಿರುವ ಆಫ್ರಿಕನ್ ಪದದಿಂದಲೇ ಹುಟ್ಟಿದ್ದು. 'ಸೋಲ್ ಫುಡ್' ಎಂಬ ಹೆಸರು ಜನಪ್ರಿಯವಾದದ್ದು 1960ರ ದಶಕದಲ್ಲಾದರೂ ಅಡುಗೆ ಅದಕ್ಕಿಂತ ಬಹಳ ಹಿಂದಿನದು. ಅದನ್ನು ಕೇವಲ ಎಣ್ಣೆ, ಕೊಬ್ಬಿನ ಊಟವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. ವರ್ಜೀನಿಯಾದ ಫ್ರೀಟೌನ್‌ನಲ್ಲಿ 1916ರಲ್ಲಿ ಹುಟ್ಟಿದ ಬಾಣಸಿಗೆ, ಲೇಖಕಿ ಎಡ್ನಾ ಲೂಯಿಸ್ ತಮ್ಮ ಬರಹದಲ್ಲಿ ತೋರಿಸಿಕೊಟ್ಟದ್ದು ಋತುವಿಗೆ ತಕ್ಕಂತೆ ತೋಟದಿಂದ ಬಂದ ತರಕಾರಿ, ಹಣ್ಣುಗಳ ಅಡುಗೆಯನ್ನು.

ಕೋಳಿಯ ವಿಷಯ ಬೇಗ ಮುಗಿಸಬಹುದು. ಹೊರಪದರ ಗರಿಯಾಗಿ, ಮೂಳೆಯವರೆಗೂ ಉಪ್ಪು ಹಿಡಿದಿತ್ತು, ಚೆನ್ನಾಗಿತ್ತು. ಮ್ಯಾಕರೋನಿ ಚೀಸ್ ಮಾತ್ರ ಎರಡೂ ದಿನ ನಿರಾಸೆ ಮಾಡಿತು. ಬಿಸಿ ಪಾತ್ರೆಯಲ್ಲಿ ಹೆಚ್ಚು ಹೊತ್ತು ಇದ್ದುದರಿಂದ ಚೀಸ್‌ನ ಜಿಡ್ಡು ಬೇರ್ಪಟ್ಟು, ಮ್ಯಾಕರೋನಿ ಊದಿಕೊಂಡಿತ್ತು. ಐಸ್ ಹಾಕಿದ ಸಿಹಿ ಚಹಾ ನನ್ನ ನಾಲಿಗೆಗೆ ತೀರಾ ಸಿಹಿ, ಆದರೆ ಅದು ಅಲ್ಲಿಯ ರೂಢಿ. ಜಾಯಿಕಾಯಿಯ ಪರಿಮಳವಿದ್ದ ಗೆಣಸಿನ ಪೈ ಎಂಬ ಸಿಹಿತಿನಿಸು ಇನ್ನೊಂದು ತುಂಡು ಕೇಳಿ ತಿನ್ನುವಂತಿತ್ತು.

ಈ ಊರಿನಲ್ಲಿ ಇಂಥ ಊಟಕ್ಕೆ ಇನ್ನೊಂದು ತೂಕವಿದೆ. ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ 1955ರ ಡಿಸೆಂಬರಿನಲ್ಲಿ ಆರಂಭವಾಗಿ 381 ದಿನ ನಡೆದ ಬಸ್ ಬಹಿಷ್ಕಾರಕ್ಕಾಗಿ ಇಲ್ಲಿನ ಅಡುಗೆಯವರಾದ ಜಾರ್ಜಿಯಾ ಗಿಲ್ಮೋರ್ ಮತ್ತು ಅವರ ಸಂಗಾತಿ ಮಹಿಳೆಯರು ಊಟ, ಪೈ, ಕೇಕುಗಳನ್ನು ಮಾಡಿ ಮಾರಿ ಹಣ ಕೂಡಿಸಿದರು. ಬಸ್ ಹತ್ತದ ಜನರನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ ವಾಹನಗಳಿಗೆ ಆ ಹಣ ನೆರವಾಯಿತು. ಪೈ ತಿನ್ನುವಾಗ ಅದು ನೆನಪಿಗೆ ಬಂತು.

ಹೋಗುವವರು ಹನ್ನೆರಡು ಗಂಟೆಯೊಳಗೆ ಹೋಗುವುದು ಒಳ್ಳೆಯದು. ಎರಡನೆಯ ದಿನ ನಾನು ಒಂದೂವರೆಗೆ ತಲುಪಿದಾಗ ಕೋಳಿ ಬೇಕಾದಷ್ಟಿತ್ತು, ಸೊಪ್ಪಿನ ಪಾತ್ರೆಯಲ್ಲಿ ಕೊನೆಯ ಸೌಟು ಮಾತ್ರ ಉಳಿದಿತ್ತು.