ಬೀಗಲ್ ಹಡಗು ಮೂರು ಸಲ: ಎರಡು ಕಿಟ್, ಒಂದು ಆಲೆ ಮರ

ನನ್ನ ಓದುವ ಮೇಜಿನ ಮೇಲೆ ಈಗ ನಿಂತಿರುವುದು ನಾನು ಕಟ್ಟಿದ ಮೂರನೆಯ ಬೀಗಲ್, ಡಾರ್ವಿನ್ ಯಾನ ಮಾಡಿದ ಹಡಗಿನ ಪುಟ್ಟ ಮರದ ಮಾದರಿ. ಮೊದಲನೆಯದು ಅರ್ಧಕ್ಕೇ ನಿಂತು ಅಟ್ಟ ಸೇರಿದೆ. ಎರಡನೆಯದು ಅಕ್ಕನ ಮನೆಯ ಗಾಜಿನ ಕಪಾಟಿನಲ್ಲಿದೆ, ನೋಡಿದವರೆಲ್ಲ ಮೆಚ್ಚುತ್ತಾರೆ. ಆದರೆ ‘ನಾನೂ ಒಂದು ಕಟ್ಟಬೇಕು, ಯಾವ ಕಿಟ್ ತರಿಸಲಿ’ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಮೂರನೆಯದನ್ನೇ. ಅದು ಬಿಡಿಭಾಗಗಳೆಲ್ಲ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಕಿಟ್ಟಿನಿಂದ ಬಂದದ್ದಲ್ಲ. ಒಂದು ಕಟ್ಟು ನಕ್ಷೆ, ಒಂದಿಷ್ಟು ಪ್ಲೈವುಡ್, ಚನ್ನಪಟ್ಟಣದಿಂದ ತಂದ ಆಲೆ ಮರ, ಇಷ್ಟರಲ್ಲಿ ಎದ್ದ ಹಡಗು ಅದು.

ಇಷ್ಟು ಹಡಗುಗಳಿರುವಾಗ ಬೀಗಲ್ಲನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಅದರ ಹಿಂಭಾಗದ ಒಂದು ಕೋಣೆ. 1831ರ ಡಿಸೆಂಬರ್ 27ರಂದು ಪ್ಲಿಮತ್‌ನಿಂದ ಹೊರಟು 1836ರ ಅಕ್ಟೋಬರ್ 2ರಂದು ಫಾಲ್ಮತ್‌ಗೆ ಮರಳಿದ ಯಾನದಲ್ಲಿ ಡಾರ್ವಿನ್ ಮಲಗುತ್ತಿದ್ದದ್ದು ಅಲ್ಲಿ. ನಕ್ಷೆ ಬಿಡಿಸುವ ದೊಡ್ಡ ಮೇಜು, ರಾತ್ರಿ ಅದರ ಮೇಲೆ ತೂಗುವ ಜೋಲಿ, ಕೋಣೆಯನ್ನೇ ಸೀಳಿಕೊಂಡು ಕೆಳಗಿಳಿಯುವ ಹಿಂದಿನ ಕೂವೆಕಂಬ. ಆರು ಅಡಿಯ ಆ ಯುವಕ ಮಲಗಲು ಜಾಗ ಸಾಲದೆ ಗೋಡೆಯ ಒಂದು ಡ್ರಾಯರನ್ನು ಹೊರತೆಗೆದಿಟ್ಟು ಜೋಲಿ ಕಟ್ಟಿಕೊಳ್ಳುತ್ತಿದ್ದ. ಇಡೀ ಹಡಗಿನ ಉದ್ದ 27.5 ಮೀಟರ್. ಮಂಗಳೂರಿನ ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬುವ ಮಂಜಿಗಳನ್ನು ನೋಡಿದವರಿಗೆ ಈ ಹಡಗು ಎಷ್ಟು ಚಿಕ್ಕದಾಗಿತ್ತು ಎಂಬುದು ಥಟ್ಟನೆ ಹೊಳೆಯುತ್ತದೆ.

ಮೊದಲ ಕಿಟ್ ಬಂದದ್ದು ವಿದೇಶದ ಒಂದು ಕಂಪನಿಯಿಂದ. ಪೆಟ್ಟಿಗೆಯ ಮೇಲಿನ ಚಿತ್ರ ಚೆನ್ನಾಗಿತ್ತು, ಬೆಲೆ ಹದಿನಾಲ್ಕು ಸಾವಿರ, ಒಂದೇ ಪದರದ ಹಲಗೆ. ಎರಡನೆಯ ಕಿಟ್ ಬೇರೆ ಕಂಪನಿಯದು. ಅದರಲ್ಲಿ ಎರಡು ಪದರ: ಒಳಗೆ ಲೈಮ್ ಮರ, ಹೊರಗೆ ವಾಲ್ನಟ್. ಸಾಗಣೆ ಮತ್ತು ಸುಂಕ ಸೇರಿ ಇಪ್ಪತ್ತಾರು ಸಾವಿರ. ಮೂರನೆಯದಕ್ಕೆ ಮರ, ಪ್ಲೈವುಡ್, ತಾಮ್ರದ ಟೇಪು, ದಾರ ಎಲ್ಲ ಸೇರಿ ಆರು ಸಾವಿರದ ಒಳಗೇ ಮುಗಿಯಿತು. ಜೊತೆಗೆ ಒಂದು ಪುಟ್ಟ ಗರಗಸದ ಯಂತ್ರ ಕೊಂಡೆ. ಅದು ಇನ್ನೂ ಹತ್ತು ಹಡಗಿಗೆ ಸಾಕು.

ಸೋಲು ಗೆಲುವು ತೀರ್ಮಾನವಾದದ್ದು ಹಡಗಿನ ಮೂತಿಯಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಿಟ್ಟಿನ ಜಾಹೀರಾತಿನಲ್ಲಿ ಇದರ ಸುಳಿವೇ ಸಿಗುವುದಿಲ್ಲ.

ಬೀಗಲ್ ಸೇರಿದ್ದು ಚೆರೋಕೀ ವರ್ಗಕ್ಕೆ. ಹೆನ್ರಿ ಪೀಕ್ 1807ರಲ್ಲಿ ರೂಪಿಸಿದ ವಿನ್ಯಾಸ ಅದು. ಆ ಮಾದರಿಯಲ್ಲಿ ನೂರಕ್ಕೂ ಹೆಚ್ಚು ಹಡಗುಗಳಿಗೆ ಆದೇಶವಾಯಿತು. ಈ ಹಡಗುಗಳ ಮೂತಿ ಕತ್ತಿಯಂತೆ ಚೂಪಲ್ಲ, ಗಡಿಗೆಯ ಹೊಟ್ಟೆಯಂತೆ ದುಂಡು. ಮಾದರಿಯ ಒಡಲು ಕಟ್ಟುವಾಗ ಅಡಿಮರದ ಮೇಲೆ ಅಡ್ಡಹಲಗೆಗಳನ್ನು ನಿಲ್ಲಿಸಿ ಅವುಗಳ ಮೇಲೆ ಉದ್ದ ಪಟ್ಟಿಗಳನ್ನು ಅಂಟಿಸುತ್ತೇವೆ. ನಡುವಿನಲ್ಲಿ ಎಲ್ಲವೂ ಸಲೀಸು. ಮೂತಿಯ ಹತ್ತಿರ ಬಂದಾಗ ಪಟ್ಟಿ ಒಳಕ್ಕೆ ಬಾಗಬೇಕು, ಜೊತೆಗೆ ಮೇಲಕ್ಕೂ ತಿರುಗಬೇಕು. ಐದು ಮಿಲಿಮೀಟರ್ ಅಗಲದ ಪಟ್ಟಿ ದಪ್ಪದ ಕಡೆಗೆ ಸುಲಭವಾಗಿ ಬಾಗುತ್ತದೆ. ಅಗಲದ ಕಡೆಗೆ ಬಾಗಿಸಲು ಹೋದರೆ ಒಂದು ಅಂಚು ಎದ್ದು ನಿಲ್ಲುತ್ತದೆ, ಇಲ್ಲವೇ ಪಟ್ಟಿ ಸೀಳುತ್ತದೆ.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. 1:64ರ ಅಳತೆಯ, ಎಂದರೆ ನಿಜವಾದ ಹಡಗಿನ 64ರಲ್ಲಿ ಒಂದು ಪಾಲಿನ, ನನ್ನ ಮಾದರಿಯಲ್ಲಿ ಅಡಿಮರದಿಂದ ಮೇಲಿನ ದಪ್ಪ ಹಲಗೆಯವರೆಗಿನ ಸುತ್ತಳತೆ ನಡುವಿನಲ್ಲಿ 95 ಮಿಲಿಮೀಟರ್. ಐದು ಮಿಲಿಮೀಟರಿನ ಪಟ್ಟಿಯಾದರೆ 19 ಬೇಕು. ಅದೇ ಸುತ್ತಳತೆ ಮೂತಿಯಲ್ಲಿ 57 ಮಾತ್ರ. 19 ಪಟ್ಟಿಗಳೂ ಅಲ್ಲಿಗೆ ತಲುಪಬೇಕಾದರೆ ಪ್ರತಿಯೊಂದೂ ಮೂರು ಮಿಲಿಮೀಟರಿಗೆ ಕಿರಿದಾಗಬೇಕು. ಮೊದಲ ಕಿಟ್ಟಿನ ಕೈಪಿಡಿಯಲ್ಲಿ ಈ ಲೆಕ್ಕ ಎಲ್ಲೂ ಇರಲಿಲ್ಲ. ಪೂರ್ತಿ ಅಗಲದ ಪಟ್ಟಿಯನ್ನೇ ಇಡುತ್ತ ಹೋಗಿ, ಒಂದರ ಮೇಲೊಂದು ಏರಿದಲ್ಲಿ ಓರೆಯಾಗಿ ಕತ್ತರಿಸಿ ಎಂದಿತ್ತು. ಹೇಳಿದ್ದನ್ನು ಹೇಳಿದಂತೆಯೇ ಮಾಡಿದೆ. ಮೂತಿಯ ಎರಡೂ ಕಡೆ ಭರ್ಜಿಯ ಮೊನೆಗಳಂಥ ತ್ರಿಕೋನಗಳ ಸಾಲು ಎದ್ದಿತು. ನಿಜವಾದ ಹಡಗಿನಲ್ಲಿ ಯಾವ ಬಡಗಿಯೂ ಹಲಗೆಯ ತುದಿಯನ್ನು ಅಷ್ಟು ಚೂಪಾಗಿ ಮುಗಿಸುವುದಿಲ್ಲ. ಅಂಥ ತುದಿಗೆ ಮೊಳೆ ಕೂರುವುದಿಲ್ಲ, ಸಂದಿಗೆ ನಾರು ತುಂಬಿದರೆ ನಿಲ್ಲುವುದಿಲ್ಲ. ತುದಿ ಅರ್ಧ ಅಗಲಕ್ಕಿಂತ ಕಿರಿದಾಗಬಾರದು ಎಂಬುದು ರೂಢಿಯ ನಿಯಮ.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಆ ಕಿಟ್ಟಿನಲ್ಲಿ ಅಡ್ಡಹಲಗೆಗಳ ನಡುವೆ ನಾಲ್ಕೂವರೆ ಸೆಂಟಿಮೀಟರ್ ಅಂತರ ಬೇರೆ. ದುಂಡಾಗಬೇಕಾದ ಕಡೆ ಪಟ್ಟಿಗೆ ಆಸರೆಯಿಲ್ಲದೆ ಮೂತಿ ದುಂಡಾಗುವ ಬದಲು ಕೋನ ಕೋನವಾಯಿತು. ಉಬ್ಬನ್ನು ಉಪ್ಪುಕಾಗದದಿಂದ ಉಜ್ಜಿ ಇಳಿಸೋಣವೆಂದರೆ ಇರುವುದು ಒಂದೇ ಪದರ. ಎರಡು ಕಡೆ ಉಜ್ಜಿ ಉಜ್ಜಿ ಮರವೇ ತೂತಾಯಿತು. ಮಳೆಗಾಲದಲ್ಲಿ ಅಂಟಿಸಿದ ಪಟ್ಟಿಗಳು ಮಾರ್ಚ್ ತಿಂಗಳ ಒಣಗಾಳಿಗೆ ಕುಗ್ಗಿ, ಸಂದಿಗಳಲ್ಲಿ ಬೆಳಕು ಕಾಣತೊಡಗಿತು. ನಾಲ್ಕು ತಿಂಗಳ ಭಾನುವಾರಗಳನ್ನು ಕೊಟ್ಟ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ಆ ದಿನದ ಸಂಕಟ ನನಗೆ ಇಂದಿಗೂ ನೆನಪಿದೆ.

ಎರಡನೆಯ ಕಿಟ್ ಈ ತೊಂದರೆಯನ್ನು ಅರ್ಧ ಪರಿಹರಿಸಿತು. ಅಡ್ಡಹಲಗೆಗಳು ಒತ್ತಾಗಿದ್ದವು. ಮೂತಿಯ ಮೊದಲ ಎರಡು ಸಂದುಗಳಿಗೆ ತುಂಬಲು ಹಗುರವಾದ ಬಾಲ್ಸಾ ತುಂಡುಗಳಿದ್ದವು. ಒಳಪದರದಲ್ಲಿ ಎಷ್ಟು ತಪ್ಪಿದರೂ ತುಂಬಿ, ಉಜ್ಜಿ, ನಯಮಾಡಿ ಹೊರಪದರವನ್ನು ಮೇಲೆ ಹಾಸಬಹುದಿತ್ತು. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ಅನುಕೂಲ, ಇದನ್ನು ಮನಃಪೂರ್ವಕವಾಗಿ ಹೇಳುತ್ತೇನೆ. ನನಗೆ ಒಗ್ಗದ್ದು ವಾಲ್ನಟ್. ಅದರ ಮೈಯ ರಂಧ್ರಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಕಾಲು ಮಿಲಿಮೀಟರಿನ ಒಂದು ಗೀರನ್ನು 64ರಿಂದ ಗುಣಿಸಿ ನೋಡಿ, ನಿಜವಾದ ಹಡಗಿನಲ್ಲಿ ಅದು ಒಂದೂವರೆ ಸೆಂಟಿಮೀಟರ್ ಅಗಲದ ಕಾಲುವೆಯಾಗುತ್ತದೆ. ನಮ್ಮ ತೇಗಕ್ಕೂ ಇದೇ ದೋಷ. ಬಾಗಿಲಿಗೆ, ಮಂಚಕ್ಕೆ ರಾಜನಂಥ ಮರ, ಆದರೆ ಪುಟ್ಟ ಹಡಗಿನ ಮೈಗೆ ಸಲ್ಲದು.

ಆಲೆ ಮರಕ್ಕೆ ನಾನು ಮನಸೋತದ್ದು ಇಲ್ಲಿಯೇ. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಮರ ಇದು. ದಂತದಂಥ ಬಿಳುಪು, ರಂಧ್ರ ಕಾಣದಷ್ಟು ನುಣುಪು. ಹರಿತವಾದ ಉಳಿ ಹಾಕಿದರೆ ಎಳೆ ಏಳದೆ ಬೆಣ್ಣೆಯಂತೆ ಕಡಿಯುತ್ತದೆ. ದೊಡ್ಡ ಹಲಗೆ ಸಿಗುವುದಿಲ್ಲ, ಏಕೆಂದರೆ ಮರವೇ ಸಣ್ಣದು. ನಮಗೆ ಬೇಕಿರುವುದೂ ಸಣ್ಣದೇ. ಹಡಗಿನ ಹಲಗೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿರುತ್ತಿರಲಿಲ್ಲ. ಏಳು ಮೀಟರಿನ ಒಂದು ಹಲಗೆ 1:64ರ ಅಳತೆಯಲ್ಲಿ ಹನ್ನೊಂದು ಸೆಂಟಿಮೀಟರ್ ಆಗುತ್ತದೆ. ಬೊಂಬೆ ಮಾಡುವವರೊಬ್ಬರು ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಕೋಲುಗಳಲ್ಲಿ ಹನ್ನೆರಡನ್ನು ಆರಿಸಿ ಕೊಟ್ಟರು. ‘ಇದರಲ್ಲಿ ಹಡಗಾ ಸ್ವಾಮಿ? ಮುಗಿದ ಮೇಲೆ ತಂದು ತೋರಿಸಿ’ ಎಂದರು. ತೋರಿಸಿ ಬಂದಿದ್ದೇನೆ.

ಕೋಲುಗಳನ್ನು ಐದು ಮಿಲಿಮೀಟರ್ ದಪ್ಪಕ್ಕೆ ಹತ್ತರಿ ಹೊಡೆದು, ಅದರ ಅಂಚಿನಿಂದ ಒಂದೊಂದು ಮಿಲಿಮೀಟರಿನ ಹಾಳೆ ಸೀಳಿಕೊಂಡೆ. ಅರ್ಧ ಮರ ಹೊಟ್ಟಾಗಿ ಹೋಗುತ್ತದೆ, ಬೇರೆ ದಾರಿಯಿಲ್ಲ. ಒಳಪದರಕ್ಕೆ ಹಣ್ಣಿನ ಪೆಟ್ಟಿಗೆಯ ಸಿಲ್ವರ್ ಓಕ್ ಸಾಕಾಯಿತು. ಹೊರಪದರ ಇಡುವ ಮೊದಲು ಪ್ರತಿ ಅಡ್ಡಹಲಗೆಯ ಮೇಲೂ ಸುತ್ತಳತೆಯನ್ನು ಕಾಗದದ ಪಟ್ಟಿಯಲ್ಲಿ ಹಿಡಿದು, 19 ಸಮಭಾಗ ಮಾಡಿ, ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಆಮೇಲೆ ಒಂದೊಂದು ಪಟ್ಟಿಯನ್ನೂ ಗುರುತಿಗೆ ಸರಿಯಾಗಿ ಕಿರಿದು ಮಾಡಿದೆ. ಅಗಲದ ಕಡೆಗೆ ಬಾಗಿಸಬೇಕಾದಾಗ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಬಿಲ್ಲಿನಂತೆ ಬಿಗಿದು, ಇಸ್ತ್ರಿಪೆಟ್ಟಿಗೆಯಿಂದ ನಿಧಾನವಾಗಿ ಒತ್ತಿದೆ. ತಣಿದ ಮೇಲೆ ಬಿಚ್ಚಿದರೆ ಬಾಗು ಹಾಗೇ ಉಳಿಯುತ್ತದೆ. ಹಿಂಭಾಗದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಸುತ್ತಳತೆ ಹಿಗ್ಗುವುದರಿಂದ ನಡುವೆ ಎರಡು ಹೆಚ್ಚುವರಿ ತುಂಡು ಸೇರಿಸಬೇಕಾಯಿತು. ಹಲಗೆಗಳ ಕೊನೆಗಳೂ ಮನಬಂದ ಕಡೆ ಬರುವಂತಿಲ್ಲ. ಒಂದೇ ಅಡ್ಡಮರದ ಮೇಲೆ ಎರಡು ಕೊನೆಗಳು ಬರಬೇಕಾದರೆ ನಡುವೆ ಮೂರು ಇಡೀ ಹಲಗೆಗಳು ಹಾಯ್ದಿರಬೇಕು. ವಾರಕ್ಕೆ ಎರಡೇ ಸಾಲು ಏರಿದವು. ಆದರೆ ಮೂತಿಯ ಮೇಲೆ ಕೈಯಾಡಿಸಿದರೆ ಈಗ ಎಲ್ಲಿಯೂ ಬೆರಳು ತಡೆಯುವುದಿಲ್ಲ.

ಕೆಲಸ ನಡೆದಿರುವಾಗಲೇ ನನಗೆ ಖುಷಿಯಾದ ಇನ್ನೊಂದು ವಿಷಯವಿದೆ. 1831ರ ಯಾನಕ್ಕೆ ಸಜ್ಜುಮಾಡುವಾಗ ಬೀಗಲ್ಲಿನ ತಳಕ್ಕೆ ಎರಡು ಅಂಗುಲದ ಫರ್ ಮರದ ಹೊಸ ಹಲಗೆ ಹೊಡೆದು, ಅದರ ಮೇಲೆ ಫೆಲ್ಟ್ ಹಾಸಿ, ಆಮೇಲೆ ತಾಮ್ರ ಹೊದಿಸಿದರು. ಎಂದರೆ ನಿಜವಾದ ಹಡಗಿಗೇ ನೀರಿನಡಿ ಎರಡನೆಯ ಪದರವಿತ್ತು. ಎರಡು ಅಂಗುಲವೆಂದರೆ 1:64ರಲ್ಲಿ 0.8 ಮಿಲಿಮೀಟರ್. ನನ್ನ ಒಂದು ಮಿಲಿಮೀಟರಿನ ಆಲೆ ಹಾಳೆ ಉಜ್ಜಿದ ಮೇಲೆ ಉಳಿದದ್ದು ಹೆಚ್ಚುಕಡಿಮೆ ಅಷ್ಟೇ.

ತಾಮ್ರದ ಹೊದಿಕೆಯಲ್ಲಿಯೂ ಮೂರನೆಯದೇ ಮೇಲು. ಆ ಕಾಲದ ತಾಮ್ರದ ತಗಡು ನಾಲ್ಕು ಅಡಿ ಉದ್ದ, ಹದಿನಾಲ್ಕು ಅಂಗುಲ ಅಗಲ. 64ರಿಂದ ಭಾಗಿಸಿದರೆ ಮುಕ್ಕಾಲು ಅಂಗುಲ ಉದ್ದ, ಒಂದು ಅಂಗುಲದ 32ರಲ್ಲಿ ಏಳು ಭಾಗ ಅಗಲ. ಬಣ್ಣದ ಗಾಜಿನ ಕಿಟಕಿ ಮಾಡುವವರು ಬಳಸುವ ಅಂಟುಳ್ಳ ತಾಮ್ರದ ಟೇಪು ಸರಿಯಾಗಿ ಅದೇ ಅಗಲದಲ್ಲಿ ಸಿಗುತ್ತದೆ. ನಾನು 1:64 ಅನ್ನು ಆರಿಸಿಕೊಂಡದ್ದೇ ಇದಕ್ಕಾಗಿ. ಎರಡನೆಯ ಕಿಟ್ಟಿನ ತಗಡುಗಳ ಮೇಲೆ ಮೊಳೆತಲೆಗಳನ್ನು ಅಚ್ಚೊತ್ತಿದ್ದರು, ಒಂದೊಂದೂ ಅಳತೆಯಲ್ಲಿ ನಿಂಬೆಹಣ್ಣಿನಷ್ಟಾಗುತ್ತದೆ. ಹೊದಿಸುವುದನ್ನು ಹಿಂಭಾಗದಿಂದ, ಅಡಿಮರದ ಬಳಿಯಿಂದ ಶುರು ಮಾಡಬೇಕು. ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಬಂದರೆ ಮಾತ್ರ ಹರಿಯುವ ನೀರು ಅದನ್ನು ಎಬ್ಬಿಸುವುದಿಲ್ಲ. ತಾಮ್ರ ಹಾಕುವುದರಿಂದ ಕೆಳಗಿನ ಮರದ ತಪ್ಪು ಮುಚ್ಚಿಹೋಗುತ್ತದೆ ಎಂದು ಮಾತ್ರ ನಂಬಬೇಡಿ. ಟೇಪಿನ ಹೊಳಪಿನಲ್ಲಿ ಕೂದಲೆಳೆಯಷ್ಟು ಉಬ್ಬೂ ಎದ್ದು ಕಾಣುತ್ತದೆ.

ಹಿಂಭಾಗದ ಆ ಕೋಣೆ? ಮೊದಲ ಕಿಟ್ಟಿನಲ್ಲಿ ಅದು ಮರದ ಒಂದು ಗಟ್ಟಿ ತುಂಡು. ಕೂವೆಕಂಬ ಅದರ ಚಾವಣಿಯ ಮೇಲೆ ಸುಮ್ಮನೆ ನಿಂತಿತ್ತು. ಎರಡನೆಯದರಲ್ಲಿ ಕಿಟಕಿಗಳಿದ್ದವು, ಒಳಗೆ ಏನೂ ಇರಲಿಲ್ಲ. ಮೂರನೆಯದರಲ್ಲಿ ಚಾವಣಿಯನ್ನು ತೆಗೆದಿಡುವಂತೆ ಮಾಡಿದ್ದೇನೆ. ಒಳಗೆ ಮೇಜಿದೆ, ಡ್ರಾಯರುಗಳಿವೆ, ಕಂಬ ಅಡಿಯವರೆಗೂ ಇಳಿದಿದೆ.

ಹಗ್ಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕಿಟ್ಟುಗಳ ದಾರಕ್ಕೆ ನವಿರು ಎಳೆಗಳೆದ್ದಿದ್ದವು. ದರ್ಜಿ ಅಂಗಡಿಯ ಹತ್ತಿ ದಾರವನ್ನು ಹುರಿಮಾಡಿ ಜೇನುಮೇಣ ಸವರಿದರೆ ಅದಕ್ಕಿಂತ ಚೆನ್ನ.

ಕೂವೆಕಂಬಗಳಿಗೆ ಎರಡನೆಯ ಕಿಟ್ಟಿನ ಕೋಲುಗಳೇ ಉತ್ತಮವಾಗಿದ್ದವು. ಆಲೆ ಮರ ಉದ್ದಕ್ಕೆ ಹೋದಂತೆ ಸ್ವಲ್ಪ ಡೊಂಕಾಗುತ್ತದೆ. ಎರಡು ಕಂಬ ಬಿಸಾಡಿ ಮೂರನೆಯದನ್ನು ಉಳಿಸಿಕೊಂಡೆ.

ನಿಮಗೆ ವರ್ಷದೊಳಗೆ ಮುಗಿಸುವ ಆಸೆಯಿದ್ದರೆ, ಇಪ್ಪತ್ತೈದು ಸಾವಿರ ಹೊರೆಯಲ್ಲವೆಂದರೆ, ಮನೆಯಲ್ಲಿ ಮರದ ಹೊಟ್ಟು ಹಾರುವುದು ಬೇಡವೆಂದರೆ ಎರಡು ಪದರದ ಕಿಟ್ಟನ್ನೇ ತರಿಸಿ. ಕೈಪಿಡಿ ಏನೇ ಹೇಳಲಿ, ಪಟ್ಟಿಗಳನ್ನು ಲೆಕ್ಕಹಾಕಿ ಕಿರಿದು ಮಾಡಿಯೇ ಅಂಟಿಸಿ. ಒಂದೇ ಪದರದ ಅಗ್ಗದ ಕಿಟ್ಟನ್ನು ಇಷ್ಟು ದುಂಡು ಮೂತಿಯ ಹಡಗಿಗೆ ಯಾರೂ ಕೊಳ್ಳಬೇಡಿ, ಮೊದಲ ಸಲದವರಂತೂ ಬೇಡವೇ ಬೇಡ. ನಾನು ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂರುವವನು. ನನಗೆ ಆತುರವಿಲ್ಲ. ಒಂದು ಪಟ್ಟಿ ಕೆಟ್ಟರೆ ವಿದೇಶಕ್ಕೆ ಪತ್ರ ಬರೆದು ಕಾಯುವ ಬದಲು ಇನ್ನೊಂದನ್ನು ಸೀಳಿಕೊಳ್ಳುವುದೇ ನನಗೆ ನೆಮ್ಮದಿ. ಮೂರನೆಯ ಬೀಗಲ್‌ಗೆ ಇಪ್ಪತ್ತೆರಡು ತಿಂಗಳು ಹಿಡಿಯಿತು.

ಆ ಯಾನದಲ್ಲಿ ಹಡಗಿನ ಜೊತೆ ಏಳು ದೋಣಿಗಳಿದ್ದವು. ಮೊದಲ ಕಿಟ್ಟಿನಲ್ಲಿ ಅವನ್ನು ಸೀಸದಂಥ ಲೋಹದಲ್ಲಿ ಎರಕ ಹೊಯ್ದು ಕೊಟ್ಟಿದ್ದರು. ನಾನು ನಾಲ್ಕನ್ನು ಆಲೆ ಮರದಲ್ಲಿ ಕೆತ್ತಿ ಮುಗಿಸಿದ್ದೇನೆ. ಉಳಿದ ಮೂರಕ್ಕೆ ಸಾಕಾಗುವಷ್ಟು ಒಂದು ಕೋಲು ಇನ್ನೂ ಇದೆ.